ಹತ್ತಕ್ಕೆ ನಾಲ್ಕು

ನಮ್ಮ ಕಡೆಯ ಒಂದು ಕನ್ನಡ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ಪರೀಕ್ಷಕ ಅಂತ ಕರೆದಿದ್ದರು. ಜ್ವಾಲಾಮುಖಿ, ಹನಿ ನೀರಾವರಿ, ಗಾಳಿಯಂತ್ರ ಎಲ್ಲಾ ಇದ್ದವು. ಕಡೇ ಬಾಕಿನ ಹತ್ತಿರ ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎರಡೂ ಕೈಯಾಗ ಹಿಡಕೊಂಡು ನಿಂತಿದ್ದ. ಡಬ್ಬಿಯ ನಡುವೆ ಸಣ್ಣ ಪರದೆ. ಪರದೆಯೊಳಗೆ ಮಾರಿಯೋ ಜಿಗಿಯುತ್ತಿದ್ದ.

"ಹಳೇ ಟಿವಿ ಗೇಮ್ ಐತ್ರಿ ಗುರೂಜಿ. ಈಗ ಟಿವಿ ಬ್ಯಾಡ, ಕೈಯಾಗ ಹಿಡದ ಆಡಬಹುದು" ಅಂದ.

"ಇದರಾಗ ನೀ ಮಾಡಿದ್ದೇನು ತಮ್ಮಾ? ತಯಾರ ಸಾಮಾನ ತಂದು ಜೋಡಿಸೀದಿ, ಅಷ್ಟ" ಅಂದೆ.

ಹುಡುಗ ಸುಮ್ಮನಾದ. ಹತ್ತಕ್ಕೆ ನಾಲ್ಕು ಅಂಕ ಬರೆದು ಮುಂದೆ ಹೋದೆ. ಬಹುಮಾನ ಜ್ವಾಲಾಮುಖಿಗೆ ಹೋಯಿತು.

ಆಮೇಲೆ ಮನಸ್ಸು ಕೊರೆಯತೊಡಗಿತು. ಒಂದು ರವಿವಾರ ಅವನ ಮನೆಗೆ ಹೋಗಿ ಡಬ್ಬಿ ಬಿಚ್ಚಿಸಿ ನೋಡಿದೆ. ಪುಸ್ತಕ, ನಾಟಕಗಳ ವಿಮರ್ಶೆ ಬರೆಯುವ ನಾನು ಈ ಸಲ ಆ ಡಬ್ಬಿಯ ವಿಮರ್ಶೆ ಬರೆಯುತ್ತಿದ್ದೇನೆ.

ಈ ಆಟದ ಮೂಲ ಜಪಾನ್. 1983ರಲ್ಲಿ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ನಮ್ಮ ಊರುಗಳಿಗೆ ಬಂದದ್ದು ಅದರ ನಕಲು. ಕ್ಯಾಸೆಟ್ ಹಾಕಿ, ಹಳದಿ ವಾಯರನ್ನು ಟಿವಿಗೆ ಚುಚ್ಚಿ ಕಾಂಟ್ರಾ, ಮಾರಿಯೋ, ಟ್ಯಾಂಕ್ ಆಡಿದ ಹುಡುಗರು ಇವತ್ತು ನಲವತ್ತರ ಆಸುಪಾಸಿನವರು. ಮೂಲ ಯಂತ್ರದಲ್ಲಿ ಹಲವು ಚಿಪ್‌ಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ನಕಲು ಮಾಡಿದವರು ಒಂದೇ ಚಿಪ್‌ಗೆ ಇಳಿಸಿ, ಮೇಲೆ ಕರೀ ಅಂಟಿನ ಬೊಟ್ಟು ಇಟ್ಟರು. ಅದಕ್ಕೇ ಅದು ಅಗ್ಗವಾಯಿತು, ಸಣ್ಣದೂ ಆಯಿತು. ಹುಡುಗನಿಗೆ ಮಿರಜದ ಒಂದು ಭಂಗಾರ ಅಂಗಡಿಯಲ್ಲಿ ಸಿಕ್ಕದ್ದು ಅಂಥದೇ ಬೋರ್ಡು. ಪರದೆ, ಕಾರು ಹಿಂದಕ್ಕೆ ತಗೊಳ್ಳುವಾಗ ನೋಡುತ್ತಾರಲ್ಲ, ಅದು. ಅದಕ್ಕೂ ಅದೇ ಹಳದಿ ವಾಯರು ಸಾಕು. ಬ್ಯಾಟರಿ ಹಳೇ ಮೊಬೈಲಿನದು.

ಜೋಡಿಸುವುದು ಸುಲಭ ಅಂದುಕೊಂಡಿದ್ದೆ. ಬ್ಯಾಟರಿ ಕೊಡೋದು 3.7 ವೋಲ್ಟ್. ಆಟದ ಬೋರ್ಡಿಗೆ 5 ಬೇಕು, ಪರದೆಗೆ 12. ಒಂದೇ ಬಾವಿಯಿಂದ ಎರಡು ಎತ್ತರಕ್ಕೆ ನೀರು ಏರಿಸಿದ ಹಾಗೆ, ವೋಲ್ಟ್ ಏರಿಸುವ ಎರಡು ಪುಟ್ಟ ಬೋರ್ಡುಗಳನ್ನು ನಡುವೆ ಕೂರಿಸಬೇಕು. ಮೊದಲ ಸಲ 12 ವೋಲ್ಟನ್ನು ಆಟದ ಬೋರ್ಡಿಗೇ ಕೊಟ್ಟು ಸುಟ್ಟನಂತೆ. ಎರಡನೆಯ ಬೋರ್ಡಿಗೆ ದೀಪಾವಳಿಯ ದುಡ್ಡು ಹೋಯಿತು.

ನನ್ನ ಬಾಯಿ ಮುಚ್ಚಿಸಿದ್ದು ಕೀಲಿಗಳ ವಿಷಯ. ಆಡುವ ಕೀಲಿಗಳು ಎಂಟು, ಆದರೆ ಅಲ್ಲಿಂದ ಬೋರ್ಡಿಗೆ ಹೋಗುವ ತಂತಿ ಐದೇ. ಅದರಲ್ಲಿ ಎರಡು ಕರೆಂಟಿಗೆ. ಉಳಿದ ಮೂರರಲ್ಲಿ ಎಂಟು ಕೀಲಿಯ ಸುದ್ದಿ ಹೆಂಗ ಹೋಗುತ್ತದೆ? "ಹಾಜರಿ ಕರದಂಗ್ರಿ ಗುರೂಜಿ" ಅಂದ ಅವನು. ಒಂದು ತಂತಿ 'ಎಲ್ಲಾರೂ ಇದ್ದಲ್ಲೇ ನಿಲ್ರಿ' ಅನ್ನುತ್ತದೆ. ಎರಡನೆಯದು 'ಮುಂದಿನವರು, ಮುಂದಿನವರು' ಅಂತ ಸರದಿ ಕರೆಯುತ್ತದೆ. ಮೂರನೆಯದರಲ್ಲಿ ಒಂದೊಂದೇ ಕೀಲಿ 'ಒತ್ತ್ಯಾರ' ಅಥವಾ 'ಒತ್ತಿಲ್ಲ' ಅಂತ ಉತ್ತರ ಕೊಡುತ್ತದೆ. ಸೆಕೆಂಡಿಗೆ ಐವತ್ತು ಅರವತ್ತು ಸಲ ಈ ಹಾಜರಿ ನಡೆಯುತ್ತದೆ. ದಿನಾ ಹಾಜರಿ ಕರೆಯುವ ನನಗೆ ಇದಕ್ಕಿಂತ ಚೆಂದಾಗಿ ಇದನ್ನು ವಿವರಿಸಲು ಬರುತ್ತಿರಲಿಲ್ಲ.

ಇನ್ನು 'ಜೋಡಿಸಿದ್ದು ಅಷ್ಟ' ಎಂಬ ನನ್ನ ಮಾತು. ಮಿರಜದ ಸತಾರಮೇಕರ ಗಲ್ಲಿಯನ್ನು ನಾವೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಅಲ್ಲಿಯ ಸಿತಾರ, ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಆ ಮನೆತನಗಳ ಹಿರಿಯರು ಮೂಲದಲ್ಲಿ ಶಿಕಲಗಾರರು, ಕತ್ತಿ ಆಯುಧಗಳಿಗೆ ಸಾಣೆ ಹಿಡಿಯುವವರು. ಆಯುಧಕ್ಕೆ ಗಿರಾಕಿ ಕಡಿಮೆಯಾದಾಗ ಕೆಟ್ಟ ವಾದ್ಯಗಳ ರಿಪೇರಿಗೆ ಕೈ ಹಾಕಿದರು, ಬಿಚ್ಚಿ ಬಿಚ್ಚಿ ಕಲಿತರು, ಆಮೇಲೆ ತಾವೇ ಮಾಡಿದರು. ತಂಬೂರಿಯ ಬುರುಡೆ ಪಂಢರಪುರದ ಕಡೆಯ ಹೊಲದ್ದು, ತಂತಿ ಮತ್ತೆಲ್ಲಿಯದೋ. ಯಾರೂ ಅವರಿಗೆ 'ಜೋಡಿಸಿದ್ದು ಅಷ್ಟ' ಅನ್ನಲಿಲ್ಲ. ಕುದುರೆಯ ಮೇಲೆ ನೂಲೆಳೆ ಸರಿಸಿ ಸರಿಸಿ ಜವಾರಿ ಕೂರಿಸುವ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಅಗ್ಗದ ಹಳೇ ಸಾಮಾನು ಎಂಬುದೂ ಕುಂದಲ್ಲ. ನಿಂಟೆಂಡೊದ ಗುನ್‌ಪೇ ಯೊಕೊಯಿ ತಮ್ಮ ತಂಡದ ಜೊತೆ 1989ರಲ್ಲಿ ಗೇಮ್ ಬಾಯ್ ತಂದಾಗ ಬೇಕಂತಲೇ ಹಳೇ, ಪಳಗಿದ ಬಿಡಿಭಾಗ ಬಳಸಿದರು. ಬಣ್ಣವಿಲ್ಲದ ಮಂಕು ಪರದೆ, ನಾಲ್ಕು ಶೆಲ್ಲು. ಎದುರಾಳಿಗಳ ಬಣ್ಣದ ಯಂತ್ರಗಳು ಆರು ಶೆಲ್ಲು ನುಂಗಿ ಬೇಗ ಆರಿಹೋಗುತ್ತಿದ್ದವು. ಗೆದ್ದದ್ದು ಮಂಕು ಪರದೆಯೇ.

ಹಾಗಂತ ಹುಡುಗನನ್ನು ಹೊಗಳಿ ಬಿಟ್ಟರೆ ಅದು ವಿಮರ್ಶೆ ಆಗುವುದಿಲ್ಲ. ತಪ್ಪುಗಳಿವೆ. ಒಂದು, ಬ್ಯಾಟರಿ ಸ್ವಲ್ಪ ಉಬ್ಬಿದೆ. ಉಬ್ಬಿದ ಮೊಬೈಲ್ ಬ್ಯಾಟರಿ ಬೆಂಕಿಗೆ ದಾರಿ. ಅದನ್ನು ಬದಲಿಸದೆ ಮಕ್ಕಳ ಕೈಗೆ ಕೊಡಕೂಡದು. ಎರಡು, ಜಿಗಿಯುವ ಕೀಲಿ ತೀರಾ ಕೆಳಗಿದೆ, ಹತ್ತು ನಿಮಿಷಕ್ಕೆ ಹೆಬ್ಬೆರಳು ನೋಯುತ್ತದೆ. ಮೂರನೆಯದು ದೊಡ್ಡದು. ಹಳೇ ಟಿವಿ ಗೇಮಿಗೆ ಇಬ್ಬರು ಆಡುವ ಎರಡು ರಿಮೋಟ್ ಇದ್ದವು. ಅಣ್ಣ ತಮ್ಮ ಜಗಳಾಡುತ್ತ ಆಡುತ್ತಿದ್ದರು, ಅವ್ವ ಬೈಯುತ್ತಿದ್ದಳು. ಡಬ್ಬಿ ಕೈಗೆ ಬಂತು, ಆದರೆ ಎರಡನೆಯವನಿಗೆ ಜಾಗವೇ ಇಲ್ಲ.

ದೊಡ್ಡದನ್ನು ಕಿರಿದು ಮಾಡಿದಾಗ ಏನೋ ಒಂದು ಬಿಟ್ಟುಹೋಗುತ್ತದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್, ತಾವೇ ಕೊಳಲು ನುಡಿಸುವವರು, 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಮಿರಜದ ತಂಬೂರಿಯ ನಾದ ಆ ಪೆಟ್ಟಿಗೆಯಲ್ಲಿ ಪೂರ್ತಿ ಇಲ್ಲ. ಆದರೆ ತಂಬೂರಿ ಕೊಳ್ಳಲಾಗದ ಮನೆಯ ಮಕ್ಕಳೂ ಅದರ ಶ್ರುತಿಗೆ ಹಾಡಿದರು. ಏನು ಬಿಟ್ಟೆ, ಯಾರಿಗಾಗಿ ಬಿಟ್ಟೆ ಅಂತ ಮಾಡಿದವನಿಗೆ ಗೊತ್ತಿರಬೇಕು.

ಇದನ್ನೇ ಹುಡುಗನಿಗೆ ಕೇಳಿದೆ. ಅವನು ಬೋರ್ಡನ್ನು ತಿರುವಿ, ಸುರುಳಿ ಸುತ್ತಿ ಅಂಟಿಸಿದ ಐದು ತಂತಿ ತೋರಿಸಿದ. "ಎರಡನೇದವರದು ಇಟ್ಟೀನ್ರಿ. ಡಬ್ಬಿಗಿ ತೂತ ಕೊರಿಯೂದು ಅಷ್ಟ ಬಾಕಿ. ಪ್ರದರ್ಶನಕ್ಕ ಟೈಮ್ ಸಾಲಲಿಲ್ಲ."

ಇದನ್ನು ಅವತ್ತೇ ಕೇಳಬಹುದಿತ್ತು. ಇವತ್ತು ಕೇಳಿದರೆ ನಾನು ಹತ್ತಕ್ಕೆ ಏಳು ಕೊಡುತ್ತೇನೆ, ಬ್ಯಾಟರಿ ಬದಲಿಸಿದರೆ ಎಂಟು. ಶಾಲೆಯ ಕಾಗದದಲ್ಲಿ ಮಾತ್ರ ನಾಲ್ಕೇ ಉಳಿದಿದೆ, ಕೆಳಗೆ ನನ್ನ ಸಹಿ. ಪರೀಕ್ಷಕರಾಗಿ ಹೋಗುವ ನನ್ನ ಶಿಕ್ಷಕ ಬಂಧುಗಳಲ್ಲಿ ಒಂದೇ ಕೇಳಿಕೆ: ಅಂಕ ಬರೆಯುವ ಮೊದಲು, ಡಬ್ಬಿ ಬಿಚ್ಚಿ ತೋರಿಸು ಅಂತ ಮಕ್ಕಳಿಗೆ ಹೇಳಿರಿ.