ಸೌಂದರ್ಯ ಹೇಳುವುದು ಯಾರಿಗೆ?

2023ರ ಜುಲೈಯಲ್ಲಿ ಕನ್ನಡದ ಸುದ್ದಿವಾಹಿನಿ ಪವರ್ ಟಿವಿ ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತೆರೆಗೆ ತಂದಾಗ ಬಿದ್ದ ಚಪ್ಪಾಳೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಆಜ್ ತಕ್‌ನ ಸನಾ, ಒಡಿಶಾದ ಲೀಸಾ, ಮರುವರ್ಷ ಬಂದ ಡಿಡಿ ಕಿಸಾನ್‌ನ ಕೃಷ್–ಭೂಮಿ ಕೂಡ ಇಂಥ ಕೃತಕ ನಿರೂಪಕರೇ. ಇವರು ದಣಿಯದೆ ಹಗಲಿರುಳು ಸುದ್ದಿ ಓದಬಲ್ಲರು, ಒಪ್ಪಿದೆ.

ಸೌಂದರ್ಯಳ ಮೊದಲ ಪರಿಚಯದ ತುಣುಕನ್ನು ಅಲೆವೂರಿನ ಮನೆಯಲ್ಲಿ ಅತ್ತೆಯ ಜೊತೆ ಕೂತು ನಾಲ್ಕಾರು ಸಲ ನೋಡಿದೆ. ತಾನು ದಕ್ಷಿಣ ಭಾರತದ ಮೊದಲ ರೋಬೊ ನಿರೂಪಕಿ ಎನ್ನುತ್ತಾಳೆ. ಉತ್ತರದ ವಾಹಿನಿಗಳಲ್ಲಿ ತನ್ನ ಸಹೋದ್ಯೋಗಿಗಳು ಈಗಾಗಲೇ ಇದ್ದಾರೆ ಎನ್ನುತ್ತಾಳೆ. ನಾನು ತಡವರಿಸಿದ್ದು ಈ ‘ಸಹೋದ್ಯೋಗಿ’ ಎಂಬಲ್ಲಿ. ಜ್ವರ ಬಂದವರ ಪಾಳಿಯನ್ನು ಇನ್ನೊಬ್ಬರು ಹೊತ್ತುಕೊಂಡಾಗ ಹುಟ್ಟುವ ಸಂಬಂಧ ಅದು. ಇಲ್ಲಿ ಆ ಪದ ಬರೀ ಉಚ್ಚಾರ. ತುಟಿ ಸರಿಯಾಗಿಯೇ ಆಡುತ್ತದೆ, ಆದರೆ ಎದುರಿಗೆ ಯಾರೋ ಇದ್ದಾರೆಂಬ ಅರಿವು ಮಾತಿನಲ್ಲಿಲ್ಲ. ಅತ್ತೆ ಕೇಳಿದ್ದು ಒಂದೇ: “ಅಲ್ಲ ಮಾರಾಯ, ಇವಳು ಹೇಳುದು ಯಾರಿಗೆ?”

ಇಂಥ ಪಾತ್ರಗಳ ಪರ ವಾದಿಸುವವರು ತಪ್ಪದೆ ಎರಡು ಸಾಕ್ಷಿ ತರುತ್ತಾರೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ರೂಪಿಸಿದ, ಟೈಪಿಸಿದ ಮಾತಿಗೆ ಉತ್ತರಿಸುವ ಕಂಪ್ಯೂಟರ್ ಪ್ರೋಗ್ರಾಂ ‘ಎಲಿಜಾ’ ಒಂದು. ಅದರೊಡನೆ ಮಾತಾಡುವಾಗ ಅವರ ಕಾರ್ಯದರ್ಶಿಯೇ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಹೇಳಿದರಂತೆ. ಇನ್ನೊಂದು, ಸಂಶೋಧಕರಾದ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ 1996ರ ಪುಸ್ತಕದಲ್ಲಿ ವಿವರಿಸಿದ ಪ್ರಯೋಗ. ಕಂಪ್ಯೂಟರಿನ ಕೆಲಸ ಹೇಗಿತ್ತೆಂದು ಅದೇ ಕಂಪ್ಯೂಟರಿನಲ್ಲಿ ಕೇಳಿದರೆ ಜನ ಮೃದುವಾಗಿ ಉತ್ತರಿಸಿದರು, ಬೇರೆ ಕಡೆ ಕೇಳಿದಾಗ ಅಷ್ಟು ಮೃದುವಾಗಿರಲಿಲ್ಲ. ಎರಡೂ ನಿಜ. ಆದರೆ ಎಲಿಜಾಗಾಗಲಿ ಆ ಕಂಪ್ಯೂಟರಿಗಾಗಲಿ ಮುಖವೇ ಇರಲಿಲ್ಲ! ಇದ್ದದ್ದು ಬರೀ ಅಕ್ಷರ, ಕೇಳಿದ್ದಕ್ಕೆ ಒಂದು ಉತ್ತರ. ಮುಖವಿದ್ದದ್ದು ಮೈಕ್ರೋಸಾಫ್ಟ್ ಆಫೀಸ್ 97ರ ಸಹಾಯಕ ಪಾತ್ರಕ್ಕೆ, ಕಾಗದದ ಕ್ಲಿಪ್ಪಿನ ರೂಪದ ‘ಕ್ಲಿಪ್ಪಿ’ಗೆ. ಅದಕ್ಕೆ ದೊಡ್ಡ ಕಣ್ಣೂ ಇತ್ತು, ಹುಬ್ಬೂ ಇತ್ತು. ಕರೆಯದೆ ಬಂದು ಬಾಯಿ ಹಾಕುತ್ತಿದ್ದ ಅದನ್ನು ಜನ ಎಷ್ಟು ಶಪಿಸಿದರೆಂದರೆ, ಆಫೀಸ್ 2007ರ ಹೊತ್ತಿಗೆ ಅದನ್ನು ತೆಗೆದೇಬಿಟ್ಟರು. ಈ ಸಾಕ್ಷಿಗಳನ್ನು ಮುಖದ ಪರವಾಗಿ ಓದುವುದು ನನಗೆ ಅರ್ಥವಾಗದ ತರ್ಕ.

ಕರಾವಳಿಯವರು ವೇಷಕ್ಕೆ ಕೈಮುಗಿಯುವವರು, ಆದ್ದರಿಂದ ತೆರೆಯ ಗೊಂಬೆಯೂ ನಮಗೆ ಸಹಜ ಎನ್ನುವವರಿದ್ದಾರೆ. ಅವರು ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯನ್ನು ಮರೆತಿದ್ದಾರೆ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಮೈಕಿನ ಮುಂದೆ ಕೂತವರು. ಆದರೂ ಪಾತ್ರದ ಮಾತಾಡುವ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗರು ಎದುರುಬದುರಾದರೆ ಸಭೆ ಶೇಣಿಯವರನ್ನಾಗಲಿ ಸಾಮಗರನ್ನಾಗಲಿ ಕಾಣುತ್ತಿರಲಿಲ್ಲ, ಪಾತ್ರವನ್ನು ಕಾಣುತ್ತಿತ್ತು. ಈಗಲೂ ನಮ್ಮೂರಿನ ಕೂಟಗಳಲ್ಲಿ ನೋಡಿ: ಕೃಷ್ಣ ನಿರೀಕ್ಷಿಸದ ಒಂದು ಮಾತು ಎಸೆಯುತ್ತಾನೆ. ಕೌರವ ಒಂದು ಕ್ಷಣ ಸುಮ್ಮನಾಗುತ್ತಾನೆ. ಜಾರಿದ ಶಾಲನ್ನು ಹೆಗಲಿಗೆ ಏರಿಸಿಕೊಳ್ಳುತ್ತಾನೆ. ಎದುರಿನವನ ಮಾತು ಅವನೊಳಗೆ ಇಳಿಯುವುದನ್ನು ನಾವು ಕಾಣುತ್ತೇವೆ. ಆಮೇಲೆ ಅವನ ಅರ್ಥ, ಅಂದರೆ ಮರುಮಾತು, ಬರುತ್ತದೆ. ಅಲ್ಲಿ ಪಾತ್ರ ಹುಟ್ಟುವುದು ಆ ಮೌನದಲ್ಲಿ. ಸೌಂದರ್ಯಳ ತುಣುಕಿನಲ್ಲಿ ಅಂಥ ಒಂದು ಕ್ಷಣವೂ ಇಲ್ಲ, ಏಕೆಂದರೆ ಅವಳಿಗೆ ಎದುರಾಳಿ ಇಲ್ಲ, ಹಾಡುವ ಭಾಗವತರೂ ಇಲ್ಲ.

ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಕನ್ನಡದ ತೆರೆಪಾತ್ರಗಳನ್ನು ಕಟ್ಟುತ್ತಿರುವವರಲ್ಲಿ ನನ್ನದೊಂದು ಬಿನ್ನಹ: ತುಟಿಯ ಚಲನೆಯನ್ನು ತಿದ್ದುವ ಮೊದಲು ಒಂದು ರಾತ್ರಿ ತಾಳಮದ್ದಳೆಗೆ ಬನ್ನಿ, ಅರ್ಥಧಾರಿಗಳು ಕೇಳಿಸಿಕೊಳ್ಳುವುದನ್ನು ನೋಡಿ.