ಎಂಟು ತೋಳುಗಳ ಆರೋಪಪಟ್ಟಿ
ಆಕ್ಟೋಪಸ್ ವ್ಯಂಗ್ಯಚಿತ್ರಗಳನ್ನು ನೋಡುವ ರಸಿಕರಿಗೊಂದು ಕೈಪಿಡಿ

ರಾಜಕೀಯ ವ್ಯಂಗ್ಯಚಿತ್ರಗಳ ಪ್ರಾಣಿಲೋಕದಲ್ಲಿ ಬ್ರಿಟನ್ ಸಿಂಹ, ರಷ್ಯಾ ಕರಡಿ, ಅಮೆರಿಕ ಹದ್ದು. ಸಿಂಹವನ್ನೂ ಹದ್ದನ್ನೂ ಆಯಾ ದೇಶಗಳೇ ಲಾಂಛನಗಳಲ್ಲಿ ಮೆರೆಸಿಕೊಂಡಿವೆ. ಆಕ್ಟೋಪಸ್ಸಿನ ಕಥೆ ಬೇರೆ. ಅದನ್ನು ಸಾಮಾನ್ಯವಾಗಿ ಯಾರೂ ತಾವಾಗಿ ಆರಿಸಿಕೊಳ್ಳುವುದಿಲ್ಲ, ಎದುರಾಳಿಯ ತಲೆಗೆ ಕಟ್ಟುತ್ತಾರೆ. ಕಳೆದ ನೂರೈವತ್ತು ವರ್ಷಗಳಲ್ಲಿ ರಷ್ಯಾ, ಬ್ರಿಟನ್, ಪ್ರಷ್ಯಾ, ಜಪಾನ್, ರೈಲ್ವೆ ಕಂಪನಿ, ತೈಲ ಕಂಪನಿ, ಫೇಸ್‌ಬುಕ್ ಎಲ್ಲರೂ ಸರದಿಯಂತೆ ಆಕ್ಟೋಪಸ್ ಆಗಿದ್ದಾರೆ.

ಹಾಗಾಗಿ ಇಂಥ ಚಿತ್ರವನ್ನು ಆರೋಪಪಟ್ಟಿಯ ಹಾಗೆ ಓದುವುದು ಒಳ್ಳೆಯದು. ತಲೆಯೇ ಆರೋಪಿ, ಒಂದೊಂದು ತೋಳೂ ಒಂದೊಂದು ಆರೋಪ. ನೋಡುವವರಿಗೆ ಇಲ್ಲಿ ಎರಡು ಕೆಲಸ: ಕಲಾವಿದನ ಕೈಚಳಕಕ್ಕೆ ತಲೆದೂಗಬೇಕು, ಪ್ರತಿಯೊಂದು ತೋಳಿಗೂ ಆಧಾರ ಕೇಳಬೇಕು. ಎರಡನೆಯದನ್ನು ಬಿಟ್ಟರೆ ರಸಿಕರಾಗುವ ಬದಲು ಪ್ರಚಾರಕ್ಕೆ ಬಲಿಯಾಗುತ್ತೇವೆ.

ಮೊದಲು ಒಂದು ನಕ್ಷೆ ನೋಡಿ

1866ರಲ್ಲಿ ವಿಕ್ಟರ್ ಹ್ಯೂಗೋ ಗರ್ನ್ಸಿ ದ್ವೀಪದ ಕಡಲನ್ನು ಕುರಿತ ಕಾದಂಬರಿಯಲ್ಲಿ ಮೀನುಗಾರನೊಬ್ಬ ದೈತ್ಯ ಆಕ್ಟೋಪಸ್ ಜೊತೆ ಸೆಣಸುವುದನ್ನು ಬರೆದ. ಯೂರೋಪಿನ ಓದುಗರ ಕಣ್ಣಿಗೆ ಆ ಪ್ರಾಣಿ ರಾಕ್ಷಸನಾಗಿ ಕಂಡಿತು. ಹನ್ನೊಂದು ವರ್ಷ ಕಳೆದ ಮೇಲೆ, 1877ರಲ್ಲಿ, ರಷ್ಯಾ ಮತ್ತು ತುರ್ಕಿಯ ನಡುವೆ ಯುದ್ಧ ನಡೆದಾಗ, ಫ್ರೆಡ್ ರೋಸ್ ಎಂಬಾತ ಲಂಡನ್ನಿನಲ್ಲಿ ಯೂರೋಪಿನ ವಿನೋದ ನಕ್ಷೆಯೊಂದನ್ನು ಪ್ರಕಟಿಸಿದ. ಅದರಲ್ಲಿ ಹೆಚ್ಚಿನ ದೇಶಗಳಿಗೆ ಮನುಷ್ಯರೂಪ. ರಷ್ಯಾ ಮಾತ್ರ ಪೂರ್ವದಲ್ಲಿ ಹರಡಿ ಕೂತ ಭಾರಿ ಆಕ್ಟೋಪಸ್. ಅದರ ತೋಳುಗಳು ಫಿನ್ಲೆಂಡ್, ಪೋಲೆಂಡ್, ತುರ್ಕಿ, ಪರ್ಷಿಯಾಗಳತ್ತ ಚಾಚಿಕೊಂಡಿವೆ. ಕ್ರಿಮಿಯಾ ಯುದ್ಧದಲ್ಲಿ ತಿಂದ ಪೆಟ್ಟನ್ನು ಮರೆತು ಮತ್ತೆ ಕೈಚಾಚುತ್ತಿದೆ ಎಂದು ನಕ್ಷೆಯ ಟಿಪ್ಪಣಿ ಹೇಳುತ್ತದೆ.

ರಷ್ಯಾಕ್ಕೆ ಕರಡಿ ಇದ್ದೇ ಇತ್ತಲ್ಲ, ರೋಸ್ ಅದನ್ನೇಕೆ ಬಿಟ್ಟ? ಕರಡಿಗಿರುವುದು ನಾಲ್ಕೇ ಕಾಲು, ಅದು ನಿಂತಲ್ಲಿ ನಿಂತಿರಬೇಕು. ಆಕ್ಟೋಪಸ್ಸಿಗೆ ಎಲುಬಿಲ್ಲ, ಖಚಿತ ಆಕಾರವೂ ಇಲ್ಲ. ಯಾವ ಗಡಿಯ ಅಂಕುಡೊಂಕಿಗಾದರೂ ಅದನ್ನು ಹೊಂದಿಸಬಹುದು. ಮೈ ಒಂದು ದೇಶದಲ್ಲಿ, ಕೈಗಳು ಹತ್ತು ದೇಶಗಳಲ್ಲಿ. ಇನ್ನೊಂದು ಕಾರಣವೂ ಇದೆ. ಕರಡಿಯನ್ನು ಪಳಗಿಸಬಹುದು, ಅದರ ಬಗ್ಗೆ ಕನಿಕರವೂ ಹುಟ್ಟೀತು. ಮುಖಭಾವವೇ ಇಲ್ಲದ, ತಣ್ಣಗೆ ಜಾರುವ ಜೀವಿಯ ಜೊತೆ ಸಂಧಾನದ ಮಾತು ಯಾರಿಗೂ ಹೊಳೆಯುವುದಿಲ್ಲ. ಪ್ರಾಣಿಯನ್ನು ಆರಿಸಿದ ಕ್ಷಣದಲ್ಲೇ ಅರ್ಧ ವಾದ ಮುಗಿದಿರುತ್ತದೆ.

ತೋಳುಗಳನ್ನು ಒಂದೊಂದಾಗಿ ಓದಿ

ಎರಡನೆಯ ಪಾಠಕ್ಕೆ ಅಮೆರಿಕಕ್ಕೆ ಹೋಗಬೇಕು. 1882ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ದಿ ವಾಸ್ಪ್’ ಪತ್ರಿಕೆಯಲ್ಲಿ ಜಿ. ಫ್ರೆಡರಿಕ್ ಕೆಲ್ಲರ್ ಬರೆದ ‘ಕ್ಯಾಲಿಫೋರ್ನಿಯಾದ ಶಾಪ’ ಬಂತು. ಆಕ್ಟೋಪಸ್ ಇಲ್ಲಿ ರೈಲ್ವೆ ಏಕಸ್ವಾಮ್ಯ. ರೈತರು, ಗೋಧಿ ರಫ್ತು, ಮರದ ವ್ಯಾಪಾರ, ಗಣಿಗಾರಿಕೆ ಎಲ್ಲವೂ ಅದರ ಹಿಡಿತದಲ್ಲಿವೆ. ಅದರ ಕಣ್ಣುಗಳನ್ನು ಗಮನಿಸಿ: ಗುಡ್ಡೆಗಳಿರಬೇಕಾದಲ್ಲಿ ರೈಲ್ವೆ ಧಣಿಗಳಾದ ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡ್ ಮತ್ತು ಚಾರ್ಲ್ಸ್ ಕ್ರಾಕರ್ ಕೂತಿದ್ದಾರೆ. ಚಿತ್ರ ಬರುವುದಕ್ಕೆ ಎರಡು ವರ್ಷ ಮೊದಲು ಮಸಲ್ ಸ್ಲೂ ಎಂಬಲ್ಲಿ ಜಮೀನಿನ ಹಕ್ಕಿಗಾಗಿ ರೈಲ್ವೆ ಕಡೆಯವರಿಗೂ ನೆಲೆಸಿದ್ದ ರೈತರಿಗೂ ಗುಂಡಿನ ಕಾಳಗ ನಡೆದು ಏಳು ಜನ ಸತ್ತಿದ್ದರು. ಓದುಗರಿಗೆ ಅದು ಹಸಿ ಗಾಯ. ಈ ಪ್ರಾಣಿ ಅಲ್ಲಿ ಎಷ್ಟು ಬೇರುಬಿಟ್ಟಿತೆಂದರೆ, 1901ರಲ್ಲಿ ಫ್ರಾಂಕ್ ನಾರಿಸ್ ರೈಲ್ವೆ ಮತ್ತು ರೈತರ ಜಗಳವನ್ನೇ ಕಾದಂಬರಿಯಾಗಿಸಿ ಅದಕ್ಕೆ ‘ದಿ ಆಕ್ಟೋಪಸ್’ ಎಂದು ಹೆಸರಿಟ್ಟ.

ಈ ಬಗೆಯ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿರುವುದು 1904ರ ಸೆಪ್ಟೆಂಬರ್ 7ರ ‘ಪಕ್’ ಪತ್ರಿಕೆಯಲ್ಲಿ ಬಂದ ಉಡೊ ಕೆಪ್ಲರ್‌ನ ‘ನೆಕ್ಸ್ಟ್!’. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ತೈಲದ ಟ್ಯಾಂಕೇ ಇಲ್ಲಿ ಆಕ್ಟೋಪಸ್ಸಿನ ಮೈ. ಉಕ್ಕು, ತಾಮ್ರ, ಹಡಗು ಉದ್ಯಮಗಳನ್ನು ಅದರ ತೋಳುಗಳು ಸುತ್ತಿವೆ. ರಾಜ್ಯವೊಂದರ ಶಾಸನಭವನವನ್ನೂ ವಾಷಿಂಗ್ಟನ್ನಿನ ಸಂಸತ್ ಭವನವನ್ನೂ ಬಿಟ್ಟಿಲ್ಲ. ಒಂದು ತೋಳು ಮಾತ್ರ ಇನ್ನೂ ಏನನ್ನೂ ಹಿಡಿದಿಲ್ಲ, ಶ್ವೇತಭವನದತ್ತ ಚಾಚಿಕೊಂಡಿದೆ. ಹಿಡಿದಾಗಿರುವ ತೋಳುಗಳು ನಡೆದದ್ದನ್ನು ಹೇಳುತ್ತವೆ. ಚಾಚಿದ ತೋಳು ನಡೆಯಬಹುದಾದದ್ದನ್ನು ಹೇಳುತ್ತದೆ. ಅದು ಅಧ್ಯಕ್ಷರ ಚುನಾವಣೆಯ ವರ್ಷ ಎಂಬುದನ್ನೂ ಸೇರಿಸಿಕೊಂಡರೆ ಶೀರ್ಷಿಕೆಯ ಉದ್ಗಾರಚಿಹ್ನೆಗೂ ಅರ್ಥ ಬರುತ್ತದೆ.

ಈ ಆರೋಪಗಳಿಗೆ ಆಧಾರವಿತ್ತೆ? ಇತ್ತು. ಪತ್ರಕರ್ತೆ ಐಡಾ ಟಾರ್ಬೆಲ್ 1902ರಿಂದಲೇ ‘ಮ್ಯಾಕ್‌ಕ್ಲೂರ್ಸ್’ ಪತ್ರಿಕೆಯಲ್ಲಿ ಆ ಕಂಪನಿಯ ವ್ಯವಹಾರವನ್ನು ದಾಖಲೆಸಹಿತ ಬಿಚ್ಚಿಟ್ಟಿದ್ದಳು. 1911ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕಂಪನಿ 34 ಹೋಳಾಯಿತು. ಆದರೆ ಸಂಸತ್ತನ್ನೇ ಒಂದು ತೋಳಿನಲ್ಲಿ ಸುತ್ತುವುದು ಉತ್ಪ್ರೇಕ್ಷೆಯಲ್ಲವೆ? ಹೌದು, ಉತ್ಪ್ರೇಕ್ಷೆ ಈ ಕಲೆಯ ಉಪ್ಪುಖಾರ. ಅದರ ಕೆಳಗೆ ಅನ್ನ ಇದೆಯೇ ಎಂದು ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಬರೆದವರು ಯಾವ ದಂಡೆಯಲ್ಲಿ ನಿಂತಿದ್ದಾರೆ?

ರೋಸ್‌ನ ನಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕಾದ ಅಮೆರಿಕದ ಚಿತ್ರವೊಂದು 1880ರ ದಶಕದ್ದು. ಬರೆದವರ ಹೆಸರಿಲ್ಲ. ಅದರಲ್ಲಿ ಬ್ರಿಟನ್ನಿನ ಪ್ರತೀಕವಾದ ಜಾನ್ ಬುಲ್‌ನೇ ಕಡಲಿನಲ್ಲಿ ತೇಲುವ ಆಕ್ಟೋಪಸ್. ತೋಳುಗಳ ತುದಿಯಲ್ಲಿ ಮನುಷ್ಯರ ಹಸ್ತಗಳಿವೆ, ಲೆಕ್ಕ ಎಂಟನ್ನು ಮೀರಿದೆ. ಆ ಹಸ್ತಗಳ ಕೆಳಗಿರುವ ನಾಡುಗಳಲ್ಲಿ ನಮ್ಮ ಭಾರತವೂ ಒಂದು. ಇನ್ನೊಂದು ಕೈ ಈಜಿಪ್ಟಿಗೆ ಹೊಂಚುಹಾಕಿದೆ. ರಷ್ಯಾದ ಕಬಂಧಬಾಹುಗಳನ್ನು ಕಂಡು ಲಂಡನ್ ಬೆಚ್ಚಿದ ಕಾಲದಲ್ಲೇ ಅಟ್ಲಾಂಟಿಕ್ಕಿನ ಆಚೆ ನಿಂತವರಿಗೆ ಲಂಡನ್ನಿನದೇ ಬಾಹುಗಳು ಕಂಡವು.

1904ರ ಮಾರ್ಚ್‌ನಲ್ಲಿ, ರಷ್ಯಾ ಜೊತೆ ಜಪಾನಿನ ಯುದ್ಧ ಶುರುವಾದ ಮರು ತಿಂಗಳು, ಕಿಸಾಬುರೊ ಒಹಾರಾ ಎಂಬ ಕೇಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೋಸ್‌ನ ಮಾದರಿಯನ್ನು ಏಷ್ಯಾದವರೆಗೂ ಹಿಗ್ಗಿಸಿದ. ಅವನ ಕರಿಯ ಆಕ್ಟೋಪಸ್ಸಿನ ತೋಳುಗಳು ಟಿಬೆಟ್, ಮಂಚೂರಿಯಾಗಳನ್ನೂ ಮುಟ್ಟುತ್ತವೆ. ನಕ್ಷೆಯ ಮೇಲಿನ ಬರಹ ಜಪಾನಿ ಭಾಷೆಯಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಭಾಷೆಯನ್ನು ನೋಡಿದರೆ ಸಾಕು, ಚಿತ್ರ ಯಾರನ್ನು ಒಲಿಸಿಕೊಳ್ಳಲು ಹೊರಟಿದೆ ಎಂದು ತಿಳಿಯುತ್ತದೆ. ನಲವತ್ತು ವರ್ಷಗಳ ನಂತರ, 1944ರಲ್ಲಿ, ಪ್ಯಾಟ್ ಕೀಲಿ ಡಚ್ಚರಿಗಾಗಿ ಮಾಡಿದ ಭಿತ್ತಿಚಿತ್ರದಲ್ಲಿ ಅದೇ ಜಪಾನ್ ಆಕ್ಟೋಪಸ್ ಆಗಿ ಇಂದಿನ ಇಂಡೊನೇಷ್ಯಾದ ದ್ವೀಪಗಳನ್ನು ತಬ್ಬಿದೆ. ಆ ನಾಡು ಬಿಡುಗಡೆ ಹೊಂದಲೇಬೇಕು ಎಂಬುದು ಚಿತ್ರದ ಘೋಷಣೆ. ಬಿಡುಗಡೆ ಎಂದರೆ ಜಪಾನಿನಿಂದ ಮಾತ್ರ. 1945ರ ಆಗಸ್ಟ್ 17ರಂದು ಇಂಡೊನೇಷ್ಯಾ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಅದನ್ನು ಒಪ್ಪಿಕೊಳ್ಳಲು ಡಚ್ಚರು 1949ರವರೆಗೆ ಕಾಯಿಸಿದರು.

ಎಲ್ಲ ಆಕ್ಟೋಪಸ್ಸುಗಳೂ ಹೆದರಿಸಲು ಬಂದವಲ್ಲ. 1942ರ ಸುಮಾರಿಗೆ ಜರ್ಮನಿಯೊಡನೆ ಕೈಜೋಡಿಸಿದ್ದ ಫ್ರಾನ್ಸಿನ ವಿಶೀ ಸರ್ಕಾರದ ಕಾಲದ ಭಿತ್ತಿಚಿತ್ರದಲ್ಲಿ ಸಿಗಾರು ಕಚ್ಚಿದ ಚರ್ಚಿಲ್ ಆಕ್ಟೋಪಸ್. ಆಫ್ರಿಕಾದ ಮೇಲೆ ಚಾಚಿದ ಅವನ ತೋಳುಗಳು ತುಂಡಾಗಿ ರಕ್ತ ಸುರಿಸುತ್ತಿವೆ. ಅದರ ಉದ್ದೇಶ ಜನರಿಗೆ ಧೈರ್ಯ ತುಂಬುವುದು. ಆದ್ದರಿಂದ ತೋಳು ಚಾಚಿದೆಯೋ, ಬಿಗಿದಿದೆಯೋ, ಕತ್ತರಿಸಿ ಬಿದ್ದಿದೆಯೋ ಎಂದು ನೋಡಿ. ಭಯ, ಸಿಟ್ಟು, ಭರವಸೆಗಳಲ್ಲಿ ಯಾವುದನ್ನು ನಿಮ್ಮಲ್ಲಿ ಎಬ್ಬಿಸಲು ಹೊರಟಿದ್ದಾರೆ ಎಂಬುದು ಅಲ್ಲೇ ಸಿಗುತ್ತದೆ.

ಕೊನೆಗೆ ಮುಖ ನೋಡಿ

ತೋಳುಗಳನ್ನು ಓದಿ ಮುಗಿಸಿದ ಮೇಲೆ ತಲೆಗೆ ಬನ್ನಿ. ಅಪಾಯ ಹೆಚ್ಚಾಗಿ ಅಡಗಿರುವುದು ಅಲ್ಲೇ. 1938ರ ಸುಮಾರಿಗೆ ಸೆಪ್ಲಾ ಎಂಬ ಅಂಕಿತದ ನಾಜಿ ವ್ಯಂಗ್ಯಚಿತ್ರಕಾರ ಯೋಸೆಫ್ ಪ್ಲಾಂಕ್ ಭೂಗೋಳವನ್ನೇ ತಬ್ಬಿದ ಆಕ್ಟೋಪಸ್ ಬರೆದು, ಅದರ ತಲೆಯ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರವನ್ನಿಟ್ಟ. ಕೆಪ್ಲರ್‌ನ ಚಿತ್ರದೊಡನೆ ಹೋಲಿಸಿ. ಅಲ್ಲಿದ್ದುದು ಹೆಸರುಳ್ಳ ಕಂಪನಿ. ಯಾವ ತೋಳು ಏನನ್ನು ಹಿಡಿದಿದೆ ಎಂದು ಪರೀಕ್ಷಿಸಬಹುದಿತ್ತು, ಕೋರ್ಟಿಗೆ ಎಳೆಯಬಹುದಿತ್ತು. ಇಲ್ಲಿ ಆರೋಪಿಯ ಸ್ಥಾನದಲ್ಲಿರುವುದು ಇಡೀ ಜನಾಂಗ, ಹಿಡಿದಿರುವುದು ಇಡೀ ಜಗತ್ತು. ಪರೀಕ್ಷಿಸಲು ಏನೂ ಇಲ್ಲ, ದ್ವೇಷಿಸುವುದಷ್ಟೇ ಉಳಿದಿದೆ.

ಆ ಚಿತ್ರದ ನೆರಳು ಇವತ್ತಿಗೂ ಈ ಪ್ರಾಣಿಯನ್ನು ಬಿಟ್ಟಿಲ್ಲ. 2014ರಲ್ಲಿ ಫೇಸ್‌ಬುಕ್ ವಾಟ್ಸಾಪನ್ನು ಕೊಂಡಾಗ ಜರ್ಮನಿಯ ‘ಸ್ಯೂಡ್‌ಡಾಯ್ಚ ತ್ಸೈಟುಂಗ್’ ಪತ್ರಿಕೆ ಮಾರ್ಕ್ ಜುಕರ್‌ಬರ್ಗ್ ಅವರನ್ನು ಕೊಕ್ಕೆ ಮೂಗಿನ ಆಕ್ಟೋಪಸ್ ಆಗಿ ಅಚ್ಚು ಹಾಕಿತು. ನಾಜಿ ಚಿತ್ರಗಳನ್ನು ಕಂಡಿದ್ದವರು ಕೆರಳಿದರು. ಚಿತ್ರಕಾರ ಕ್ಷಮೆ ಕೇಳಿದರು. ನಂತರದ ಆವೃತ್ತಿಯಲ್ಲಿ ಮುಖವಿದ್ದ ಜಾಗ ಖಾಲಿಯಾಯಿತು, ತೋಳುಗಳು ಉಳಿದವು. ಕಂಪನಿಯ ವಿರುದ್ಧದ ವಾದಕ್ಕೆ ಆ ಮೂಗು ಬೇಕಾಗಿಯೇ ಇರಲಿಲ್ಲ ಎಂದಾಯಿತು.

ತಾವಾಗಿ ಆಕ್ಟೋಪಸ್ ವೇಷ ತೊಟ್ಟವರು ಅಪರೂಪ, ಆದರೆ ಇದ್ದಾರೆ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹವೊಂದರ ಉಡಾವಣೆಗೆ ಮಾಡಿಸಿದ ಲಾಂಛನದಲ್ಲಿ ಆಕ್ಟೋಪಸ್ ಭೂಗೋಳವನ್ನು ತಬ್ಬಿತ್ತು, ನಮ್ಮ ಕೈಗೆ ನಿಲುಕದ್ದು ಯಾವುದೂ ಇಲ್ಲ ಎಂಬ ಅರ್ಥದ ಘೋಷವಾಕ್ಯವೂ ಇತ್ತು. ವ್ಯಂಗ್ಯಚಿತ್ರಕಾರರಿಗೆ ಕೆಲಸವನ್ನೇ ಉಳಿಸಲಿಲ್ಲ.

ಕಡಲಿನ ನಿಜವಾದ ಆಕ್ಟೋಪಸ್ ಬಹುಪಾಲು ಒಂಟಿಯಾಗಿ ಬಿಲದಲ್ಲಿ ಅಡಗಿ ಬಾಳುವ ನಾಚಿಕೆಯ ಜೀವಿ. ಅದರ ನರಕೋಶಗಳಲ್ಲಿ ಸುಮಾರು ಮೂರನೇ ಎರಡು ಪಾಲು ತೋಳುಗಳಲ್ಲೇ ಇರುವುದರಿಂದ ತೋಳುಗಳು ಬಹಳಷ್ಟು ಕೆಲಸವನ್ನು ತಲೆಯ ಅಪ್ಪಣೆಗೆ ಕಾಯದೆ ಮಾಡುತ್ತವೆ. ಚಿತ್ರದ ಆಕ್ಟೋಪಸ್ ಹಾಗಲ್ಲ. ಒಂದೇ ತಲೆ ಎಲ್ಲವನ್ನೂ ಆಡಿಸುತ್ತಿದೆ ಎಂದು ಅದು ಸಾಧಿಸುತ್ತದೆ. ಲೋಕದ ಕೇಡುಗಳಿಗೆಲ್ಲ ಒಂದೇ ಮೂಲವಿದ್ದರೆ ನಮಗೂ ನಿರಾಳ. ಆ ನಿರಾಳವೇ ಈ ಚಿತ್ರದ ಆಕರ್ಷಣೆ, ಅದೇ ಅದರ ಮೋಸ.

ಅಭ್ಯಾಸ ಮಾಡಬಯಸುವವರಿಗೆ ದಾರಿ ಸುಲಭ. ‘ನೆಕ್ಸ್ಟ್!’ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿದೆ. ರೋಸ್, ಒಹಾರಾರ ನಕ್ಷೆಗಳು ಕಾರ್ನೆಲ್ ವಿಶ್ವವಿದ್ಯಾಲಯದ ಪಿ. ಜೆ. ಮೋಡ್ ಸಂಗ್ರಹದಲ್ಲಿವೆ. ಎರಡನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಅವನ್ನು ದೊಡ್ಡದಾಗಿಸಿ, ತೋಳಿನ ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿ. ಆಮೇಲೆ ಮುಂದಿನ ಚುನಾವಣೆಯಲ್ಲಿ ನಿಮ್ಮ ಮೊಬೈಲಿಗೆ ಆಕ್ಟೋಪಸ್ ಚಿತ್ರ ಬಂದರೆ, ಬೇರೆಯವರಿಗೆ ಕಳಿಸುವ ಮೊದಲು ಒಂದೇ ಒಂದು ತೋಳನ್ನು ಆರಿಸಿಕೊಂಡು ಅದು ನಿಜವೇ ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ ಆ ಚಿತ್ರ ನಿಮ್ಮಲ್ಲೇ ನಿಲ್ಲಲಿ.