ಕೌದಿ, ಕುಂಚಿಗೆ, ಕೊಪ್ಪೆ: ರೋಣ–ನರಗುಂದ–ಗಜೇಂದ್ರಗಡ ಸೀಮೆಯ ಧರಿಸುವ ಶಿಲ್ಪಗಳು

‘ಶಿಲ್ಪ’ ಎಂಬ ಮಾತು ಇಂದು ಕಲ್ಲು, ಲೋಹ, ಮರ, ಮಣ್ಣುಗಳ ಕೆಲಸಕ್ಕೆ ಸೀಮಿತಗೊಂಡಿದೆ. ಈ ಸೀಮಿತಾರ್ಥ ಪ್ರಾಚೀನವಾದುದಲ್ಲ. ಐತರೇಯ ಬ್ರಾಹ್ಮಣವು ಶಿಲ್ಪಗಳನ್ನು ಹೆಸರಿಸುವಾಗ ಆನೆ, ಕಂಚಿನ ಪಾತ್ರೆ, ಚಿನ್ನದ ಒಡವೆ, ಹೇಸರಗತ್ತೆಯ ರಥಗಳೊಡನೆ ವಸ್ತ್ರವನ್ನೂ ಸೇರಿಸುತ್ತದೆ. ಮೈಮೇಲೆ ಧರಿಸುವ ಅರಿವೆಯನ್ನು ಶಿಲ್ಪವೆಂದು ಪರಿಗಣಿಸುವುದು ಹಾಗಾಗಿ ಹೊಸ ವಾದವಲ್ಲ. ಮರೆತ ಅರ್ಥವೊಂದರ ಪುನಃಸ್ಮರಣೆ ಮಾತ್ರ. ಈ ಹಿನ್ನೆಲೆಯಲ್ಲಿ ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಪರಿಸರದಲ್ಲಿ ಬಳಕೆಯಲ್ಲಿರುವ, ಉತ್ತರ ಕರ್ನಾಟಕದ ಇತರ ಭಾಗಗಳಿಗೂ ಸಮಾನವಾದ ಮೂರು ವಸ್ತುಗಳನ್ನು ಕಲಾವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅವುಗಳೆಂದರೆ ಹಳೆಯ ಬಟ್ಟೆಯ ಕೌದಿ, ತುಂಡುಬಟ್ಟೆಯ ಕುಂಚಿಗೆ ಮತ್ತು ಗೋಣಿಚೀಲದ ಕೊಪ್ಪೆ.

ಈ ಸೀಮೆ ಹತ್ತಿಯ ಸೀಮೆ. ನರಗುಂದ ಮತ್ತು ರೋಣದ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತದೆ. ಗದಗ ಹೆಸರಾಂತ ಹತ್ತಿಪೇಟೆ. ಹಿಂದೆ ರೋಣ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಗಜೇಂದ್ರಗಡ ಕೈಮಗ್ಗದ ಊರು. ಚೌಕಳಿ ಒಡಲು, ಸಾದಾ ಅಂಚುಗಳ ‘ಪಟ್ಟೆದಂಚು’ ಸೀರೆಯ ಹೆಸರು ಗಜೇಂದ್ರಗಡದೊಡನೆ ಬೆಸೆದುಕೊಂಡಿದೆ. ಸಮೀಪದ ಇಳಕಲ್ಲಿನ ಸೀರೆ ಮತ್ತು ಗುಳೇದಗುಡ್ಡದ ಖಣ ಇಲ್ಲಿನ ಮನೆಗಳ ನಿತ್ಯದ ಉಡುಗೆಯಾಗಿದ್ದವು. ಬೆಳೆದ ಹತ್ತಿ ನೂಲಾಗಿ, ನೂಲು ಸೀರೆಯಾಗಿ, ಸೀರೆ ಸವೆದು ಕೌದಿಯಾಗುವವರೆಗಿನ ಇಡೀ ಚಕ್ರ ಕೆಲವೇ ಹರದಾರಿಗಳ ಅಂತರದಲ್ಲಿ ಪೂರ್ಣಗೊಳ್ಳುತ್ತಿತ್ತು. ಕೌದಿಯ ಸೌಂದರ್ಯವನ್ನು ಈ ಚಕ್ರದಿಂದ ಬಿಡಿಸಿ ನೋಡಲಾಗದು.

ಕೌದಿಯ ರಚನಾಕ್ರಮ ಹೀಗಿದೆ. ಒಂದು ಹಳೆಯ ಸೀರೆ ಅಥವಾ ಧೋತರ ನೆಲದ ಮೇಲೆ ಹಾಸಲ್ಪಡುತ್ತದೆ. ಅದರ ಮೇಲೆ ಸವೆದ ಬಟ್ಟೆಗಳ ಪದರಗಳು, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು ಬರುತ್ತವೆ. ದಪ್ಪ ದಾರದ ನೇರ ಹೊಲಿಗೆ ಅಂಚಿನಿಂದ ಹೊರಟು, ಸುತ್ತು ಸುತ್ತಾಗಿ ಒಳಕ್ಕೆ ಸಾಗಿ ನಡುವನ್ನು ತಲುಪುತ್ತದೆ. ಈ ಹೊಲಿಗೆಗೆ ಎರಡು ಕಾರ್ಯಗಳಿವೆ: ಪದರಗಳನ್ನು ಬಂಧಿಸುವುದು ಮತ್ತು ಮೇಲ್ಮೈಯಲ್ಲಿ ಉಬ್ಬುತಗ್ಗುಗಳನ್ನು ಮೂಡಿಸುವುದು. ದಾರ ಬಿಗಿದಲ್ಲಿ ತಗ್ಗು, ಬಿಟ್ಟಲ್ಲಿ ಉಬ್ಬು. ಶಿಲ್ಪದ ಪರಿಭಾಷೆಯಲ್ಲಿ ಇದು ಉಬ್ಬುಶಿಲ್ಪದ ತತ್ವವೇ ಹೌದು. ಬಣ್ಣದ ಜೋಡಣೆ ಕಣ್ಣಿಗೆ ಸಂಬಂಧಿಸಿದ್ದರೆ ಈ ಉಬ್ಬುತಗ್ಗು ಚರ್ಮಕ್ಕೆ ಸಂಬಂಧಿಸಿದ್ದು. ಕತ್ತಲಲ್ಲಿ ಹೊದ್ದವರಿಗೆ ಅನುಭವವೇದ್ಯವಾಗುವುದು ಎರಡನೆಯದೇ.

ಕುಂಚಿಗೆಯಲ್ಲಿ ಶಿಲ್ಪಗುಣ ಇನ್ನೂ ಸ್ಪಷ್ಟ. ಹಸುಗೂಸಿನ ತಲೆಯನ್ನು ಮುಚ್ಚಿ, ಹೆಗಲು ಬೆನ್ನುಗಳ ಮೇಲೆ ಇಳಿಬೀಳುವ ಈ ಉಡುಪಿಗೆ ಖಣದ ಚೂರುಗಳು ಪ್ರಿಯವಾದ ಸಾಮಗ್ರಿ. ಆಯತಾಕಾರದ ಬಟ್ಟೆಯನ್ನು ಮಡಿಸಿ ಹಿಂಬದಿಯಲ್ಲಿ ಒಂದು ಹೊಲಿಗೆ ಹಾಕಿದೊಡನೆ ಸಮತಲವು ಗುಮ್ಮಟವಾಗುತ್ತದೆ. ಕೆಳಭಾಗ ತೆರೆದುಕೊಂಡು ನಿರಿಗೆಯಾಗುತ್ತದೆ. ಕೂಸಿಲ್ಲದ ಕುಂಚಿಗೆ ಚಪ್ಪಟೆಯಾದ ಬಟ್ಟೆ. ಕೂಸಿನ ತಲೆ ಒಳಹೊಕ್ಕಾಗ ಮಾತ್ರ ಅದಕ್ಕೆ ಆಕಾರ ಪ್ರಾಪ್ತವಾಗುತ್ತದೆ. ಅಂದರೆ ಇಲ್ಲಿ ದೇಹವು ಕೃತಿಯನ್ನು ಹೊರುವ ಪೀಠವಲ್ಲ, ಕೃತಿಯ ಅರ್ಧಭಾಗ.

ಕೊಪ್ಪೆಯದು ಪರಮ ಸರಳತೆ. ಕಾಳು ತುಂಬಿ ಹಳತಾದ ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ದೂಡಿದರೆ ತಲೆಗೆ ಕುಲಾವಿ, ಬೆನ್ನಿಗೆ ಮರೆ ಎರಡೂ ಸಿದ್ಧ. ಇಲ್ಲಿ ಸೂಜಿಯಿಲ್ಲ, ಕತ್ತರಿಯಿಲ್ಲ. ಮಳೆ ನಿಂತಾಗ ಅದು ಮರಳಿ ಚೀಲ. ವಸ್ತುವನ್ನು ಕೆಡಿಸದೆ ಕೇವಲ ಮಡಿಕೆಯಿಂದ ರೂಪವನ್ನು ಸಾಧಿಸುವ ಈ ಕ್ರಮವನ್ನು ಅವಸರದ ಉಪಾಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಅಡಗಿರುವ ರೂಪಜ್ಞಾನ ತಲೆಮಾರುಗಳದ್ದು.

ಈ ಕೆಲಸ ನಡೆಯುವ ಸ್ಥಳವೂ ವಿಚಾರಣೀಯ. ನಗರದ ಕಲಾವಿದರು ಗೊತ್ತಾದ ದಿನದಂದು ತಮ್ಮ ಕಾರ್ಯಾಗಾರದ ಬಾಗಿಲು ತೆರೆದು ನೋಡುಗರನ್ನು ಬರಮಾಡಿಕೊಳ್ಳುವ ಪದ್ಧತಿ ಈಚೆಗೆ ಪ್ರಚಲಿತವಾಗಿದೆ. ಕೌದಿಯ ಕಾರ್ಯಾಗಾರಕ್ಕೆ ತೆರೆಯಲು ಬಾಗಿಲೇ ಇಲ್ಲ. ಗುಡಿಯ ಪೌಳಿ, ಮರದ ನೆರಳು, ಹೊಲಿಸುವವರ ಮನೆಯ ಕಟ್ಟೆ ಇವೇ ಅದರ ತಾಣಗಳು. ಹೊಲಿಸುವ ಮನೆಯಾಕೆ ಎದುರಿಗೇ ಕುಳಿತು ಯಾವ ಸೀರೆಯ ತುಂಡು ಎಲ್ಲಿ ಬರಬೇಕೆಂದು ಹೇಳುತ್ತಾಳೆ. ಹೊಲಿಯುವಾಕೆ ಒಪ್ಪುತ್ತಾಳೆ, ಕೆಲವೊಮ್ಮೆ ತಿದ್ದುತ್ತಾಳೆ. ಕೃತಿಯ ಕರ್ತೃತ್ವ ಇಬ್ಬರಲ್ಲಿ ಹಂಚಿಹೋಗುತ್ತದೆ. ಆದರೆ ಈ ಮುಕ್ತತೆಯನ್ನು ಆದರ್ಶೀಕರಿಸುವ ಮುನ್ನ ಒಂದು ವಾಸ್ತವವನ್ನು ಗಮನಿಸಬೇಕು. ಮನೆಬಳಕೆಗಾಗಿ ಹೊಲಿಯುವವರನ್ನು ಬಿಟ್ಟರೆ, ಕೂಲಿಗೆ ಕೌದಿ ಹೊಲಿಯುವವರಲ್ಲಿ ಗೊಂದಲಿಗ, ಬುಡಬುಡಿಕೆ ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು ಗಣನೀಯರು. ಬುಡಬುಡಿಕೆಯವರು ಹಳೆಯ ಬಟ್ಟೆಯನ್ನು ಭಿಕ್ಷೆಯಾಗಿ ಪಡೆಯುತ್ತಾರೆ. ಅವರ ಹೆಗಲ ಮೇಲಿನ ಬಣ್ಣಬಣ್ಣದ ವಸ್ತ್ರರಾಶಿ ಸ್ವತಃ ಊರೂರುಗಳ ಒಂದು ಜಂಗಮ ಸಂಗ್ರಹ. ಬಾಗಿಲಿಲ್ಲದ ಕಾರ್ಯಾಗಾರ ಎಷ್ಟೋ ವೇಳೆ ಮನೆಯಿಲ್ಲದವರ ಕಾರ್ಯಾಗಾರವೇ ಆಗಿದೆ. ಮಿತವ್ಯಯದ ಚೆಲುವನ್ನು ಹೊಗಳುವ ವಿಮರ್ಶೆ ಬಡತನವನ್ನೇ ಹೊಗಳಿದಂತಾಗದಿರಲು ಈ ಎಚ್ಚರ ಅವಶ್ಯ.

ಇಂತಹ ಕೃತಿಗಳನ್ನು ‘ತ್ಯಾಜ್ಯಕಲೆ’ ಎಂದು ಕರೆಯುವ ರೂಢಿ ಬೆಳೆಯುತ್ತಿದೆ. ಈ ಹೆಸರು ಇವುಗಳಿಗೆ ಒಪ್ಪುವುದಿಲ್ಲ. ತ್ಯಾಜ್ಯವೆಂದರೆ ಬಿಟ್ಟದ್ದು, ಬಿಸುಟದ್ದು. ಕೌದಿಗೆ ಸೇರುವ ಸೀರೆಯನ್ನು ಯಾರೂ ಬಿಸುಟಿಲ್ಲ. ಅದು ಅಜ್ಜಿಯದೋ ತಾಯಿಯದೋ ಆಗಿದ್ದು, ತೊಳೆತೊಳೆದು ಮೆತ್ತಗಾದ ಕಾರಣದಿಂದಲೇ ಕೂಸಿನ ಹಾಸಿಗೆಗೆ ಆಯ್ಕೆಯಾಗಿದೆ. ಸವೆತ ಇಲ್ಲಿ ದೋಷವಲ್ಲ, ಅರ್ಹತೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಲೇವಡಿಯ ಧ್ವನಿಯಿದೆ ನಿಜ. ಆದರೆ ಶರಣ ಪರಂಪರೆಯಲ್ಲಿ ಅದೇ ಬೊಂತೆ ಗೌರವದ ಹೆಸರಾಯಿತು. ಎಲ್ಲವನ್ನೂ ತೊರೆದು ಬಂದ ಶರಣೆಗೆ ಶಿವನೇ ಬೊಂತೆಯನ್ನಿತ್ತನೆಂಬ ಐತಿಹ್ಯದಿಂದ ಬೊಂತಾದೇವಿ ಎಂಬ ಹೆಸರು ನಿಂತಿದೆ. ತೇಪೆಯ ಅರಿವೆಗೆ ಇಂಥ ಘನತೆ ಕೊಟ್ಟ ಭಾಷೆಗೆ ‘ತ್ಯಾಜ್ಯ’ ಎಂಬ ಎರವಲು ದೃಷ್ಟಿ ಬೇಕಿಲ್ಲ.

ಪ್ರದರ್ಶನದ ಕ್ರಮ ಇನ್ನೊಂದು ಸಮಸ್ಯೆ. ಬ್ರೆಜಿಲ್‌ನ ಕಲಾವಿದ ಹೆಲಿಯೊ ಒಯ್ಟಿಸಿಕಾ 1964ರಿಂದ ಬಟ್ಟೆ, ಪ್ಲಾಸ್ಟಿಕ್ ಮೊದಲಾದವುಗಳಿಂದ ‘ಪರಂಗೊಲೆ’ ಎಂಬ ಮೇಲುಹೊದಿಕೆಗಳನ್ನು ರಚಿಸಿದ. ಧರಿಸಿ ಕುಣಿದಾಗ ಮಾತ್ರ ಅವು ಪೂರ್ಣವೆಂಬುದು ಅವನ ನಿಲುವು. 1965ರಲ್ಲಿ ರಿಯೊ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವುಗಳನ್ನು ಧರಿಸಿ ಬಂದ ಕೊಳೆಗೇರಿಯ ನರ್ತಕರಿಗೆ ಒಳಗೆ ಅವಕಾಶ ದೊರೆಯಲಿಲ್ಲ. ಕರ್ನಾಟಕದ ಶೀಲಾ ಗೌಡ ಅವರ ‘ಡಾರ್ಕ್‌ರೂಮ್’ (2006) ಕೃತಿಯಲ್ಲಿ ಡಾಂಬರಿನ ಖಾಲಿ ಪೀಪಾಯಿಗಳು ಗೂಡಾಗಿವೆ. ನೋಡುಗರು ಬಾಗಿ ಅದರೊಳಹೊಗಬೇಕು. ದೇಹವನ್ನು ಕೃತಿಯೊಳಕ್ಕೆ ಕರೆಯುವ ಈ ಆಧುನಿಕ ಪ್ರಯತ್ನಗಳ ಎದುರು, ಹುಟ್ಟಿನಿಂದಲೇ ದೇಹಸಂಬಂಧಿಯಾದ ಕೌದಿಯನ್ನು ಗೋಡೆಗೆ ಮೊಳೆ ಹೊಡೆದು ಅಮೂರ್ತ ಚಿತ್ರದಂತೆ ತೂಗುಹಾಕುವುದು ವಿಪರ್ಯಾಸ. ಗೋಡೆಯ ಮೇಲೆ ಬಣ್ಣ ಉಳಿಯುತ್ತದೆ. ತೂಕ, ಬಿಸುಪು, ಮಡಿಕೆ, ಹೊಲಿಗೆಯ ಸ್ಪರ್ಶ ಅಳಿಯುತ್ತವೆ.

ಗೋಡೆಗೇರಿದ ಕೃತಿಯ ಕರ್ತೃವಿನ ಹೆಸರು ಏನಾಗುತ್ತದೆ ಎಂಬುದು ಇದರ ಮುಂದಿನ ಪ್ರಶ್ನೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಹಳೆಯ ದುಡಿಮೆಯ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ ಅಪಾರ ಪ್ರಶಂಸೆ ಪಡೆದವು. 2007ರಲ್ಲಿ ಅವರಲ್ಲೇ ಕೆಲವರು ತಮಗೆ ಸಲ್ಲಬೇಕಾದ ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕೀರ್ತಿ ಬಂದೊಡನೆ ನ್ಯಾಯ ಬರುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ನಮ್ಮಲ್ಲಿಯೇ ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳ ಬಗ್ಗೆ ಹೆನ್ರಿ ಡ್ರೂವಲ್ ಅವರು ನಡೆಸಿದ ಅಧ್ಯಯನ ಹೊಲಿದವರನ್ನು ಹೆಸರಿನಿಂದ ಗುರುತಿಸುವ ಮಾರ್ಗವನ್ನು ತೋರಿಸಿದೆ. ರೋಣ–ನರಗುಂದ ಸೀಮೆಯ ಕೌದಿಗಳಿಗೂ ಅಂಥದೇ ದಾಖಲಾತಿ ಸಲ್ಲಬೇಕು.

ಕಾಲವೂ ಅನುಕೂಲಕರವಾಗಿಲ್ಲ. ಪಾಲಿಯೆಸ್ಟರ್ ಸೀರೆಗಳು ಮನೆಮನೆ ಸೇರಿದ ಮೇಲೆ ಕೌದಿಯ ಮೂಲಸಾಮಗ್ರಿಯೇ ಬದಲಾಗಿದೆ. ಆ ಬಟ್ಟೆ ಬೇಗ ಹರಿಯುವುದಿಲ್ಲ. ಹತ್ತಿಯಂತೆ ಸವೆದು ಮೆತ್ತಗಾಗುವುದೂ ಇಲ್ಲ. ಪದರಗಳು ಜಾರುತ್ತವೆ, ಬೆವರು ಹೀರುವುದಿಲ್ಲ. ಅಂಗಡಿಯ ಅಗ್ಗದ ಹೊದಿಕೆಗಳು ಹೊಲಿಸುವ ಅಗತ್ಯವನ್ನೇ ಕುಗ್ಗಿಸಿವೆ. ಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಗೊಬ್ಬರದ ಚೀಲ ಬಂದಿದೆ. ಆದರೆ ಅದನ್ನೂ ಹಳೆಯ ಮಡಿಕೆಯಲ್ಲೇ ತಲೆಗೇರಿಸುವುದನ್ನು ಕಂಡಾಗ, ಸಾಮಗ್ರಿ ಸತ್ತರೂ ರೂಪಜ್ಞಾನ ಉಳಿದಿದೆಯೆಂಬುದು ಖಚಿತವಾಗುತ್ತದೆ.

ಒಟ್ಟಾರೆ, ಈ ಮೂರು ವಸ್ತುಗಳು ನಮ್ಮ ವರ್ಗೀಕರಣದ ಕೊರತೆಯನ್ನು ಎತ್ತಿತೋರುತ್ತವೆ. ಕರ್ನಾಟಕದಲ್ಲಿ ಲಲಿತಕಲೆ, ಶಿಲ್ಪಕಲೆ, ಜಾನಪದಗಳಿಗೆ ಪ್ರತ್ಯೇಕ ಅಕಾಡೆಮಿಗಳಿವೆ. ಕೌದಿಯನ್ನು ಜಾನಪದವೆಂದು ಕರೆದೊಡನೆ ಅದರ ಕರ್ತೃ ‘ಜನಪದ’ ಎಂಬ ಸಮೂಹವಾಗಿ, ಹೊಲಿದ ಕೈ ಅನಾಮಿಕವಾಗುತ್ತದೆ. ಶಿಲ್ಪವೆಂದು ಕರೆದರೆ ಶಿಲ್ಪಿಯ ಹೆಸರನ್ನು ಕೇಳಲೇಬೇಕಾಗುತ್ತದೆ. ಆದ್ದರಿಂದ ಹೆಸರಿನ ಈ ಆಯ್ಕೆ ಕೇವಲ ಪರಿಭಾಷೆಯ ಪ್ರಶ್ನೆಯಲ್ಲ. ಮುಂದಿನ ಸಂಗ್ರಹಕಾರ್ಯವು ಪ್ರತಿ ಕೌದಿಯೊಡನೆ ಹೊಲಿದವರ ಹೆಸರು, ಊರು, ಪಡೆದ ಕೂಲಿ, ಬಳಸಿದ ಬಟ್ಟೆಗಳ ಪೂರ್ವವೃತ್ತಾಂತ ಮತ್ತು ಅದನ್ನು ಹೊದ್ದ ರೀತಿಯನ್ನು ಅವರ ಒಪ್ಪಿಗೆಯೊಡನೆ ದಾಖಲಿಸಬೇಕು. ಆಗ ಮಾತ್ರ ಈ ಸೀಮೆಯ ಹೊಲಿಗೆಗೆ ಶಿಲ್ಪವೆಂಬ ಹಳೆಯ ಹೆಸರು ಅರ್ಥಪೂರ್ಣವಾಗಿ ಮರಳಿ ಸಲ್ಲುತ್ತದೆ.